ರಾಚಪ್ಪನ ಕೈಗುಣ

ಸಿಪಿಯು ಎದೆಗವಚಿಕೊಂಡು, ಹೆಗಲಿಗೆ ಚೀಲ ಹಾಕಿಕೊಂಡು ಮೆಟ್ಟಿಲು ಹತ್ತುತ್ತಲೇ ಚಾಂದಸಾಬ ತನ್ನ ಗೋಳು ಶುರು ಮಾಡಿದ.

"ರಾಚಪ್ಪಣ್ಣಾ, ಮತ್ತ ಅದ ತಕರಾರ ನೋಡ್ರಿ. ಹೆಬ್ಬೆಟ್ಟಿನ ಮಷಿನ್ ಹಚ್ಚಿದ್ರ ಪ್ರಿಂಟರ್ ಸಾಯ್ತೈತಿ. ನಮ್ಮ ಸೆಂಟರಿನ್ಯಾಗ ಪಿಂಚಣಿ ಮುದುಕ್ಯಾರು ಬಂದು ಕುಂತಾರ."

ರಾಚಪ್ಪ ಉತ್ತರ ಕೊಡಲಿಲ್ಲ. ದಿನಾ ಕೂರುವ ಕಂಪ್ಯೂಟರ್ ರಿಪೇರಿ ಅಂಗಡಿ ಬಾಗಿಲಲ್ಲೇ ಅವನ ಹೆಣ ಕೂರಿಸಿದ್ದರು. ಹಣೆ ತುಂಬ ವಿಭೂತಿ, ವಾಲದಂತೆ ಗೋಡೆಗೆ ಬಿಗಿದ ಧೋತರ. ಭಜನೆಯವರು ಇನ್ನೂ ಬಂದಿರಲಿಲ್ಲ. ಕಣ್ಣೆತ್ತಿದ ಚಾಂದಸಾಬ ನಾಲಿಗೆ ಕಚ್ಚಿಕೊಂಡು ಸಿಪಿಯು ಕೆಳಗಿಟ್ಟ.

"ನಸುಕಿನ್ಯಾಗ ಹೋದ್ರು," ಎಂದಳು ಹೆಂಡತಿ ಸುನಂದಾ.

"ಯಾ ಅಲ್ಲಾ! ಇಡೀ ಇಳಕಲ್ಲಾಗ ಅಂಥಾ ಕೈಗುಣ ಇನ್ನ ಯಾರಿಗೈತ್ರಿ?"

ಮೈದುನ ಗುರಪ್ಪನಿಗೆ ಅಷ್ಟೇ ಸಾಕಾಯಿತು. "ಅದನ್ನ ನಾನೂ ಹೇಳಾಕತ್ತೀನಿ ವೈನಿ. ಅಣ್ಣನ ಇಲ್ಲಂದ್ರ ಅಂಗಡಿ ಯಾತಕ್ಕ? ಸೀರಿ ಯಾಪಾರದಾಂವ ಬಾಡಿಗಿ ಕೇಳ್ಯಾನ. ಮಣ್ಣ ಮುಗದಮ್ಯಾಲ ಬರ್ತಾನ, ಹೂಂ ಅಂದಬಿಡ್ರಿ."

ಸುನಂದಾ ಗಂಡನ ಕೈ ನೋಡಿದಳು. ಈಗ ಅದು ನಡುಗುತ್ತಿರಲಿಲ್ಲ.

*

ನಡುಕ ಶುರುವಾದಾಗ ರಾಚಪ್ಪ ಸ್ಕ್ರೂಡ್ರೈವರ್ ಎಸೆದು ಅತ್ತಿದ್ದ. ಅಂದಿನಿಂದ ಬಿಚ್ಚುವುದು, ಜೋಡಿಸುವುದು ಒಳಗಿನ ಕೋಣೆಯಲ್ಲಿ ಸುನಂದಾಳದಾಯಿತು. ಬಾಗಿಲಲ್ಲಿ ಕೂತು ಹೊಗಳಿಸಿಕೊಳ್ಳುವುದು ಮಾತ್ರ ರಾಚಪ್ಪನದು.

"ಯಾವ್ದು ಜಗಳಾ ತಗದೈತಿ ಅಂತ ಊಹಿ ಮಾಡಬ್ಯಾಡ," ಎಂದು ಕಲಿಸಿದ್ದ. "ಎಲ್ಲಾ ಕಿತ್ತಿಡು. ಒಂದೊಂದ ಹಚ್ಚಿ ಚಾಲೂ ಮಾಡಿ ನೋಡು."

ಒಮ್ಮೆ ಕೇಳಿದ್ದ: "ಮಂದಿಗೆ ಹೇಳಿಬಿಡ್ಲೇನ?"

"ಬ್ಯಾಡ್ರಿ," ಎಂದಿದ್ದಳು. ಅವನ ಮುಖ ಸಣ್ಣದಾಗುವುದನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ.

*

ಮಣ್ಣು ಮುಗಿಸಿ ಬಂದವರು ಹೆಣವಿದ್ದಲ್ಲಿ ಹಚ್ಚಿಟ್ಟ ದೀಪ ನೋಡಿ ಕಟ್ಟೆಯ ಮೇಲೆ ಕೂತರು. ಸೀರೆ ವ್ಯಾಪಾರಿ ಆಗಲೇ ಬಾಗಿಲ ಅಗಲವನ್ನು ಕಣ್ಣಲ್ಲೇ ಅಳೆಯುತ್ತಿದ್ದ. ಚಾಂದಸಾಬ ಸಿಪಿಯು ಎತ್ತಿಕೊಂಡ. "ಬಾಗಲಕೋಟಿಗೆ ಒಯ್ತೇನಿ."

ಹೇಳಿದರೆ ಗಂಡನ ಹೆಸರು ಹೋಗುತ್ತದೆ, ಸುಮ್ಮನಿದ್ದರೆ ಅಂಗಡಿ. ಸುನಂದಾ ಚಾಂದಸಾಬನಿಗೆ ಅಡ್ಡ ಬಂದು ನಿಂತಳು.

"ಇಡ್ರಿ ಅದನ್ನ," ಎಂದಳು. "ಕಲಿಸಿದವರು ಅವರು. ಇಷ್ಟ ವರ್ಷ ಮಾಡಿದಾಕಿ ನಾನು."

ಸಿಪಿಯು ಇಸಿದುಕೊಂಡು ಕಟ್ಟೆಯವರಿಗೆ ಕಾಣುವಂತೆ ಬಾಗಿಲಲ್ಲೇ ಇಟ್ಟುಕೊಂಡಳು.

ಅದಕ್ಕೆ ನೇತಾಡುತ್ತಿದ್ದ ವೈರೆಲ್ಲ ಕಿತ್ತಳು. ಅಂಗಡಿಯ ಪ್ರಿಂಟರ್ ಹಚ್ಚಿ ನೋಡಿದಳು, ನಡೆಯಿತು. ಚೀಲದಲ್ಲಿದ್ದ ಹೆಬ್ಬೆಟ್ಟಿನ ಯಂತ್ರವನ್ನು ಅದರ ಪಕ್ಕದ ತೂತಿಗೆ ಹಚ್ಚಿದಾಗ ಪ್ರಿಂಟರ್ ನಿಂತುಬಿಟ್ಟಿತು. ಯಂತ್ರವನ್ನು ಕಿತ್ತು ಹಿಂಬದಿಯ ಬೇರೆ ತೂತಿಗೆ ಹಚ್ಚಿ, ಮತ್ತೆ ಚಾಲೂ ಮಾಡಿದಳು.

"ಗುರಪ್ಪ, ಇಲ್ಲಿ ಹೆಬ್ಬೆಟ್ಟ ಇಡು."

ಗುರಪ್ಪ ಎದ್ದು ಬಂದ. ಸ್ನಾನ ಮಾಡಿದ್ದರೂ ಉಗುರಿನಲ್ಲಿ ಅಣ್ಣನ ಕುಣಿಯ ಮಣ್ಣು ಉಳಿದಿತ್ತು. ಧೋತರದ ಚುಂಗಿಗೆ ಬೆರಳು ಒರೆಸಿಕೊಂಡು ಗಾಜಿನ ಮೇಲೆ ಒತ್ತಿದ. ಬೆರಳಡಿ ಯಂತ್ರದ ಕೆಂಪು ದೀಪ ಹತ್ತಿತು. ಸುನಂದಾ ಗುಂಡಿ ಒತ್ತಿದಳು, ಪ್ರಿಂಟರ್ ಒಂದು ಹಾಳೆಯನ್ನು ಒಳಗೆಳೆದುಕೊಂಡಿತು.