ಹತ್ತು ಅಂಗುಲಕ್ಕೆ ಒಂದು ಸುತ್ತು

ಅಂತ್ಯಕ್ರಿಯೆಯ ಮರುದಿನ ಕಸದ ಲಾರಿ ಬರುವ ದಿನ. ತೊಟ್ಟಿಯನ್ನು ರಸ್ತೆಯವರೆಗೆ ಎಳೆದುಕೊಂಡು ಹೋದೆ. ಅದು ನನ್ನ ಗಂಡ ಎಮೆಟ್‌ನ ಕೆಲಸವಾಗಿತ್ತು. ವಾಪಸು ಬರುವಾಗ ಅವನ ಅಣ್ಣ ಡಾರೆಲ್ ಅಂಗಳದಲ್ಲಿ ನಿಂತಿದ್ದ. ಶೆರಿಫ್ ಕಚೇರಿಯಿಂದ ಬಂದೂಕು ಬಿಡಿಸಿಕೊಂಡು ತಂದಿದ್ದ.

ಬಂದೂಕು ನಮ್ಮದಲ್ಲ. ಹೊಳೆಯಾಚೆಯ ಆರ್ನೆ ಸ್ಟೆನ್ಸ್‌ರುಡ್ ಅವರಿಂದ ಎಮೆಟ್ ಈ ಬೇಟೆಗೆಂದು ಎರವಲು ತಂದದ್ದು.

ಡಾರೆಲ್ ಅದೇ ಕತೆಯನ್ನು ಮತ್ತೆ ಹೇಳಿದ. ಕಣಿವೆಯಾಚೆ ಒಂದು ಎಲ್ಕ್, ದೊಡ್ಡ ಗಂಡು ಜಿಂಕೆ, ಐನೂರು ಗಜ ದೂರ. ತಾನು ಬೇಡವೆಂದರೂ ಎಮೆಟ್ ಹೊಡೆದ. ಗುಂಡು ಹಿಂದಿನ ತೊಡೆಗೆ ಬಿತ್ತು. ಗಾಯಗೊಂಡ ಪ್ರಾಣಿಯನ್ನು ಬಿಟ್ಟು ಬರುವ ಹಾಗಿಲ್ಲ. ರಕ್ತದ ಜಾಡು ಹಿಡಿದು ಇಳಿದವನು ಸಡಿಲ ಕಲ್ಲಿನ ಮೇಲೆ ಜಾರಿ ಕಣಿವೆಗೆ ಬಿದ್ದ.

"ಚರ್ಚಿನ ಗೋಡೇನೇ ಎದುರಿಗೆ ನಿಲ್ಲಿಸಿದ್ರೂ ಕೆಲವು ಸಲ ಅವನು ಗುರಿ ತಪ್ಪಿಸ್ತಿದ್ದ ಕಣೇ," ಎಂದು ನಗಲು ಹೋಗಿ ಡಾರೆಲ್ ಮುಖ ತಿರುಗಿಸಿಕೊಂಡ.

ಹಿಂದಿನ ದಿನ ಊಟದ ಮೇಜಿನಲ್ಲೂ ಎಲ್ಲರೂ ಇದನ್ನೇ ಮೆಲ್ಲಗೆ ಆಡಿದ್ದರು. ಮೆರೆಯಲು ಹೋಗಿ ಸತ್ತ, ಎಂದು. ಅದು ನಿಜವಾದರೆ ನಾನು ಅವನನ್ನು ಕ್ಷಮಿಸಲಾರೆ. ಕ್ಷಮಿಸದೆ ಆ ಮನೆಯಲ್ಲಿ ಬದುಕಲೂ ಆರೆ.

ಆದರೆ ಆಗಸ್ಟಿನಲ್ಲಿ ಇದೇ ಬಂದೂಕಿನಿಂದ ಅಷ್ಟೇ ದೂರದ ಉಕ್ಕಿನ ತಟ್ಟೆಗೆ ಅವನು ಗುರಿ ತಪ್ಪದೆ ಮತ್ತೆ ಮತ್ತೆ ಹೊಡೆದದ್ದನ್ನು ನಾನೇ ನೋಡಿದ್ದೆ.

ಡಾರೆಲ್ ಹೋದ ಮೇಲೆ ಹಿತ್ತಿಲ ದಿಬ್ಬಕ್ಕೆ ರಟ್ಟೊಂದನ್ನು ಒರಗಿಸಿದೆ. ನೆಲ ಹೆಪ್ಪುಗಟ್ಟಿತ್ತು. ಎಮೆಟ್ ತಾನೇ ಮದ್ದು ತುಂಬಿ ಮಾಡಿಟ್ಟ ಗುಂಡುಗಳಲ್ಲಿ ಮೂರನ್ನು ಹಾರಿಸಿದೆ. ರಟ್ಟಿನಲ್ಲಿ ದುಂಡಗಿನ ತೂತು ಒಂದೂ ಇರಲಿಲ್ಲ. ಮೂರೂ ಉದ್ದುದ್ದ ಸೀಳು. ಗುಂಡು ಮೂತಿ ಮುಂದಾಗಿ ಹೋಗದೆ ಅಡ್ಡಡ್ಡ ಹೊರಳಿಕೊಂಡು ಹೋಗಿತ್ತು.

ಅಡುಗೆಮನೆಯ ಮೇಜಿನ ಮೇಲೆ ಬಂದೂಕನ್ನು ಮಲಗಿಸಿ, ಒರೆಸುವ ಕಂಬಿಗೆ ಬಿಗಿಯಾಗಿ ಬಟ್ಟೆ ಸುತ್ತಿ ನಳಿಗೆಯೊಳಕ್ಕೆ ತಳ್ಳಿದೆ. ಗುಂಡನ್ನು ತಿರುಗಿಸಲೆಂದು ಒಳಗೆ ಕೊರೆದ ಸುರುಳಿ ಗೆರೆಗಳ ಜೊತೆ ಕಂಬಿಯೂ ತಿರುಗುತ್ತದೆ. ಅದು ಪೂರ್ತಿ ಒಂದು ಸುತ್ತು ಬರುವಷ್ಟರಲ್ಲಿ ಹತ್ತು ಅಂಗುಲ ಒಳಗೆ ಹೋಗಿತ್ತು. ಮತ್ತೆ ಅಳೆದೆ. ಹತ್ತೇ.

ಎಂಟು ಅಂಗುಲಕ್ಕೆ ಒಂದು ಸುತ್ತು ಎಂದಿದ್ದರು ಆರ್ನೆ. ಆ ಮಾತು ನಂಬಿ ಎಮೆಟ್ ಉದ್ದನೆಯ ಭಾರದ ಗುಂಡು ಆರಿಸಿದ್ದ. ಅಂಥ ಗುಂಡು ನೆಟ್ಟಗೆ ಹೋಗಬೇಕಾದರೆ ಬಿರುಸಾಗಿ ತಿರುಗಬೇಕು. ಬೇಸಗೆಯ ತೆಳುಗಾಳಿಯಲ್ಲಿ ಹತ್ತರ ನಿಧಾನ ಸುತ್ತಿನಲ್ಲೂ ಹೇಗೋ ಸಾಗಿತ್ತು. ಚಳಿಯ ದಟ್ಟ ಗಾಳಿಯಲ್ಲಿ ಸಾಗಲಿಲ್ಲ.

ಅವನು ಮೆರೆದಿರಲಿಲ್ಲ. ಬಂದೂಕು ಎತ್ತಿಕೊಂಡು ಹೊಳೆಯಾಚೆಗೆ, ಆರ್ನೆ ಮನೆಗೆ ಹೊರಟೆ. ಯಾರಿಗಾದರೂ ನೋಯಬೇಕಿತ್ತು.

ಆರ್ನೆ ಮೆಟ್ಟಿಲ ಮೇಲೆ ಕುಳಿತಿದ್ದರು. ಕೋಟು ಹಾಕಿರಲಿಲ್ಲ. ಇನ್ನು ನಾನು ಆ ಬಂದೂಕು ಮುಟ್ಟುವುದಿಲ್ಲ, ಮಗಳು ಬ್ರಿಟ್ಟಾಗೆ ಕೊಡುತ್ತೇನೆ, ಶನಿವಾರ ಅವಳು ಅದೇ ಬೆಟ್ಟಕ್ಕೆ ಬೇಟೆಗೆ ಹೋಗುತ್ತಾಳೆ ಎಂದರು. ನನ್ನ ಮುಖ ನೋಡದೆ ಕೇಳಿದರು: "ಎಮೆಟ್ ಮಾಡಿಟ್ಟ ಗುಂಡು ಉಳಿದಿದ್ರೆ ಅವಳಿಗೆ ಕೊಡ್ತೀಯೇನಮ್ಮ? ಅವನ ಕೈಕೆಲಸ ಚೆನ್ನಾಗಿರ್ತಿತ್ತು."

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲೋ ಹೋದವು.

"ಆ ಗುಂಡು ಇದಕ್ಕೆ ಬೇಡ, ಆರ್ನೆ. ಹಗುರದ್ದು ಹಾಕೋಕೆ ಹೇಳಿ. ಇದು ಎಂಟಲ್ಲ, ಹತ್ತು. ಅಳೆದೆ."

ಅವರು ಹೊಳೆಯ ಕಡೆ ನೋಡುತ್ತ ಕುಳಿತರು. ಅವರಿಗೆ ಅರ್ಥವಾಗುತ್ತಿರುವುದು ಕಾಣಿಸುತ್ತಿತ್ತು.

"ಮಾರಿದವನು ಎಂಟು ಅಂದಿದ್ದ," ಎಂದರು. "ನಾನು ಅಳೀಲೇ ಇಲ್ಲ."

ಎದೆ ಹಗುರವಾದೀತೆಂದು ಕಾದೆ. ಆಗಲಿಲ್ಲ.

ಬಂದೂಕನ್ನು ಇನ್ನೊಬ್ಬರ ಕೈಗೆ ಕೊಡುವಾಗ ಮಾಡಬೇಕಾದಂತೆ ಬೋಲ್ಟ್ ತೆರೆದು, ಒಳಗೆ ಖಾಲಿ ಎಂದು ತೋರಿಸಿದೆ. ಆರ್ನೆ ಅಭ್ಯಾಸಬಲದಿಂದ ಬಗ್ಗಿ ಇಣುಕಿದರು. ಕೈ ಮಾತ್ರ ಚಾಚಲಿಲ್ಲ. ಬಂದೂಕನ್ನು ಅವರ ತೊಡೆಯ ಮೇಲಿಟ್ಟೆ.