ಮುನಿಸಿಕೊಂಡವನ ಪಂಚೆ

ಜವಳಿ ಅಂಗಡಿಯ ಗಾದಿಯ ಮೇಲೆ ಬಹಳ ಕಾಲ ಕುಳಿತವನಿಗೆ ಮನುಷ್ಯನ ಮುಖ ಕಾಣುವುದು ಆಮೇಲೆ. ಮೊದಲು ಕಾಣುವುದು ಅವನ ಮೈಮೇಲಿನ ಬಟ್ಟೆ. ಹರಿಹರದ ಸಮಾಧಾನಪ್ಪನವರನ್ನು ನಾನು ಅಳೆದದ್ದೂ ಹಾಗೆಯೇ. ಕಂದು ಬಣ್ಣದ ಕಾರ್ಡ್‌ರಾಯ್ ಕೋಟು. ಮಾಲು ಗಟ್ಟಿ, ಮೊಣಕೈ ಸವೆದು ನುಣುಪು, ಒಳಗಿನ ಅಸ್ತರು ಎರಡನೆಯ ಸಲ ಹಾಕಿಸಿದ್ದು. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಇಂಥ ಕೋಟು ತೊಟ್ಟು ಬರುವವನು ಒಂದೋ ವಕೀಲ, ಇಲ್ಲವೇ ಹುಚ್ಚ ಎಂದು ಅಂದಾಜು ಹಾಕಿದೆ. ಎರಡೂ ತಪ್ಪಾಯಿತು. ನಡಿಗೆಯಂತೂ ನಡಿಗೆಯೇ ಅಲ್ಲ: ತುಂಗಭದ್ರೆಯ ಸೇತುವೆಯ ಮೇಲೆ ಗಾಳಿ ಬೆನ್ನಿಗೆ ಬಿದ್ದವರಂತೆ ಎದೆ ಮುಂದು, ಕಾಲು ಹಿಂದು; ಅವರು ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಅವರ ಮಾತು ಒಳಗೆ ಬಂದಿರುತ್ತಿತ್ತು. ಹೆಸರಿಟ್ಟ ತಂದೆತಾಯಿಗಳಿಗೆ ಮಗನ ಸ್ವಭಾವದ ಸುಳಿವು ಸಿಕ್ಕಿರಲಿಲ್ಲವೆಂಬುದು ಸ್ಪಷ್ಟ.

ಗುತ್ತೂರಿನ ಕಡೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಮೇಲೆ, ಹರಿಹರದ ತಮ್ಮ ಚರ್ಚಿನ ಗಾಯಕರ ನಿಲುವಂಗಿಗೆ ಬಿಳಿ ಬಟ್ಟೆ ಕೊಳ್ಳುವ ಕೆಲಸ ಅವರ ಪಾಲಿಗೆ ಬಂದಿತ್ತು. ಅವರು ವ್ಯಾಪಾರ ಮಾಡುವ ರೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಥಾನು ಬಿಚ್ಚುವ ಮೊದಲೇ ಕೈಜೋಡಿಸಿ, ನಾನು ಮಾಡಲಿರುವ ರಿಯಾಯಿತಿಗೆ ವಂದನೆ ಹೇಳಿಬಿಡುವರು. ಚೌಕಾಸಿ ಮಾಡುವವರನ್ನು ಮಣಿಸುವ ವಿದ್ಯೆ ಚೌಕಿಪೇಟೆಯಲ್ಲಿ ಬೆಳೆದ ನನಗೆ ಹುಟ್ಟಿನಿಂದಲೇ ಬಂದದ್ದು. ಆದರೆ ಕೊಡದ ರಿಯಾಯಿತಿಗೆ ಮುಂಚಿತವಾಗಿ ವಂದನೆ ಪಡೆದ ಮೇಲೆ ಮನುಷ್ಯ ಏನು ತಾನೇ ಮಾಡಿಯಾನು? "ಆಗಿಬಿಟ್ಟೈತ್ರಿ" ಎಂಬುದು ಅವರ ಮಾತಿನ ತಾಳ. ಮಳೆ ಬಂದೀತೇ ಎಂದರೆ ಆಗಿಬಿಟ್ಟೈತ್ರಿ; ಬಸ್ಸು ಸಿಕ್ಕೀತೇ ಎಂದರೆ ಆಗಿಬಿಟ್ಟೈತ್ರಿ; ಬಸ್ಸು ತಪ್ಪಿಹೋದ ಮೇಲೂ ಅದೇ.

ಈ ಮಾತಿನ ಬೇರು ಅವರ ನಂಬಿಕೆಯಲ್ಲಿತ್ತು. ಕ್ರಿಸ್ತನ ಶಿಲುಬೆ ಮನುಷ್ಯ ಕೆಟ್ಟ ಮೇಲೆ ದೇವರಿಗೆ ಹೊಳೆದ ಉಪಾಯವಲ್ಲ. ಬೆಟ್ಟ ಹೊಳೆಗಳು ಹುಟ್ಟುವ ಮುಂಚೆ, ಮನುಷ್ಯನ ಮೊದಲ ತಪ್ಪಿಗೂ ಮುಂಚೆ, ಅವನನ್ನು ಉಳಿಸಿಕೊಳ್ಳಬೇಕೆಂಬ ಸಂಕಲ್ಪ ಆಗಿಹೋಗಿತ್ತು ಎಂದು ಹೇಳುವಾಗ ಆ ಮುಪ್ಪಿನ ಮುಖ ಊರಿಗೆ ಮೊದಲ ಸುದ್ದಿ ತಂದವನ ಮುಖದಂತೆ ಕೆಂಪೇರುತ್ತಿತ್ತು. ನಾನು ಲಿಂಗ ಕಟ್ಟಿದವನು, ಜೊತೆಗೆ ವ್ಯಾಪಾರಿ, ಸುಮ್ಮನಿರಲಾಗಲಿಲ್ಲ. ಎಲ್ಲವೂ ಮೊದಲೇ ನಿಶ್ಚಯವಾಗಿದ್ದರೆ ತಾವೇಕೆ ಹೀಗೆ ಓಡಾಡುವಿರಿ, ಮನೆಯಲ್ಲಿ ಕಾಲು ಚಾಚಿ ಮಲಗಬಹುದಲ್ಲ ಎಂದು ಕೆಣಕಿದೆ. ಅವರು ನನ್ನ ಕಪಾಟುಗಳ ಧಾರೆ ಸೀರೆಗಳತ್ತ ಕೈ ತೋರಿಸಿದರು.

"ಮದುವೆ ದಿನ ಗೊತ್ತಾದ ಮ್ಯಾಲೆ ಮದುವೆ ಮನ್ಯಾಗೆ ಯಾರಾರ ಮಲಗಿರ್ತಾರೇನ್ರಿ ಸಾವ್ಕಾರ್ರೆ? ದಿನ ಗೊತ್ತಾಗೈತೆ ಅಂತನ ಓಡಾದು."

ಮದುವೆ ಜವಳಿಯೇ ಜೀವನವಾದ ನಾನು ಬಿಳಿ ಬಟ್ಟೆ ಅಳೆದುಕೊಟ್ಟೆ, ರಿಯಾಯಿತಿ ಸಮೇತ.

ಹೋದ ವರ್ಷ ಒಂದು ಬೆಳಿಗ್ಗೆ ಅವರು ನಡೆದು ಬಂದರು. ನಡೆದು ಎಂಬುದನ್ನು ಗಮನಿಸಬೇಕು. ವಂದನೆಯೂ ಇಲ್ಲ, ತಾಳವೂ ಇಲ್ಲ. ಮೂಲೆಯ ಸ್ಟೂಲಿನ ಮೇಲೆ ಕೋಟು ಮುದುರಿಕೊಂಡು ಕುಳಿತರು. ಅವರ ತಮ್ಮ ಮನ್ವೇಲಪ್ಪ ಇಲ್ಲಿಯ ಆಸ್ಪತ್ರೆಯೊಂದರಲ್ಲಿದ್ದ. ಮರುದಿನ ಹೃದಯದ ಆಪರೇಷನ್. ಈ ಮನ್ವೇಲಪ್ಪ ಒಂದು ಕಾಲಕ್ಕೆ ಚರ್ಚಿನ ಒಳ್ಳೆಯ ಹಾಡುಗಾರ. ಕುಡಿತಕ್ಕೆ ಸಿಕ್ಕಿ ತಾಯಿಯ ಮಣ್ಣಿಗೂ ಬಾರದೆ ಎಲ್ಲೋ ಬಿದ್ದಿದ್ದವನು. ಕುಡಿತ ಬಿಟ್ಟ ಮೇಲೂ ನಾಚಿಕೆ ಬಿಡದೆ ಚರ್ಚಿನ ಹೊಸ್ತಿಲು ತುಳಿಯದವನು. ಸಾಯುವ ಭಯ ಅವನಿಗಿರಲಿಲ್ಲವಂತೆ. ಆದರೆ ಪ್ರಾರ್ಥನೆಗೆಂದು ಬಂದ ಪಾದ್ರಿಗಳನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದ್ದ, ಅಣ್ಣನ ನಂಬಿಕೆಯನ್ನೇ ಹಿಡಿದು ಅಣ್ಣನ ಬಾಯಿ ಮುಚ್ಚಿಸಿದ್ದ: ದೇವರಿಗೆ ಎಲ್ಲವೂ ಮೊದಲೇ ಗೊತ್ತಿದ್ದರೆ ತಾನು ಏನಾಗುವೆನೆಂಬುದೂ ಗೊತ್ತಿತ್ತು; ಗೊತ್ತಿದ್ದವನು ತನ್ನನ್ನು ಆಗಲೇ ಕೈಬಿಟ್ಟಿರುತ್ತಾನೆ. ದೇವರು ಬಿಟ್ಟವನೆಂದೇ ನಂಬಿಕೊಂಡು ತಮ್ಮ ಆಪರೇಷನ್ ಕೋಣೆಗೆ ಹೋಗಿಬಿಡುತ್ತಾನಲ್ಲ ಎಂಬುದು ಸಮಾಧಾನಪ್ಪನವರ ಸಂಕಟ. ನಾನು ಚಹಾ ತರಿಸಿದೆ.

ಅಷ್ಟರಲ್ಲಿ ಮಾಯಕೊಂಡದ ಶಕುಂತಲಮ್ಮ ಮಗಳ ಮದುವೆಯ ಜವಳಿಗೆಂದು ಬಳಗ ಸಮೇತ ಬಂದು ಗಾದಿ ತುಂಬಿದರು. ನಮ್ಮ ಅಂಗಡಿಗೆ ಬರುವ ಹಳೆಯ ಮನೆತನಗಳಲ್ಲಿ ಒಂದು ಪದ್ಧತಿಯುಂಟು: ಮುನಿಸಿಕೊಂಡು ಮದುವೆಗೆ ಬರುವುದಿಲ್ಲವೆಂದ ನೆಂಟನ ಬಟ್ಟೆಯನ್ನು ಎಲ್ಲರಿಗಿಂತ ಮೊದಲು ತೆಗೆದಿಡುವುದು.

"ಮೊದ್ಲು ನಮ್ಮ ಮೈದುನ ಪಾಲಯ್ಯಂದು ಪಂಚೆ ತೆಗಿಯಪ್ಪ," ಎಂದರು ಶಕುಂತಲಮ್ಮ.

ನಮ್ಮ ಗುಮಾಸ್ತ ಮುನಾಫ್ ಸೀರೆ ಬಿಚ್ಚುವುದರಲ್ಲಿ ಎಷ್ಟು ಚುರುಕೋ ಬಾಯಲ್ಲೂ ಅಷ್ಟೇ. "ಬದುವಿನ ಜಗಳ ಆಗಿ, ನಿಮ್ಮನಿ ನೀರೂ ಮುಟ್ಟಲ್ಲ ಅಂದಾರಂತಲ್ಲ ಅವ್ರು. ಬರ್ತಾರೇನಮ್ಮ?"

"ಬರಾದು ಬಿಡಾದು ಅವನಿಷ್ಟ. ಪಂಚೆ ಅವಂದು."

ಸಮಾಧಾನಪ್ಪ ಸ್ಟೂಲು ಉರುಳಿಸಿ ಎದ್ದರು. ಆ ಮಾತನ್ನು ಇನ್ನೊಮ್ಮೆ ಹೇಳಿರೆಂದು ಬೇಡಿದರು. ಶಕುಂತಲಮ್ಮ ಗಾಬರಿಯಿಂದ ಸೆರಗು ಹೊದ್ದು ಇನ್ನೊಮ್ಮೆ ಹೇಳಿದರು. ಮುನಾಫ್ ತೆಗೆದಿಟ್ಟಂಥದೇ ಇನ್ನೊಂದು ಪಂಚೆಯನ್ನು ಸಮಾಧಾನಪ್ಪ ಕಪಾಟಿನಿಂದ ತಾವೇ ಎಳೆದುಕೊಂಡು, ಕಾಗದ ಸುತ್ತಲೂ ಬಿಡದೆ, ನನ್ನ ತೋಳಿಗೂ ಕೈಹಾಕಿ ರಸ್ತೆಗಿಳಿದರು. ಮುಂದೆ ಪಂಚೆ ಹಾರಿಸಿಕೊಂಡು ಕೋಟಿನ ಮುದುಕ, ಹಿಂದೆ ಹೊಟ್ಟೆ ಹಿಡಿದುಕೊಂಡು ನಾನು. ಚೌಕಿಪೇಟೆ ಅಂಗಡಿ ಬಾಗಿಲಿಗೆ ಬಂದು ನೋಡಿತು.

ಆಸ್ಪತ್ರೆಯಲ್ಲಿ ಮನ್ವೇಲಪ್ಪ ದಿಂಬಿಗೊರಗಿ ಗೋಡೆ ನೋಡುತ್ತಿದ್ದ. ಅಣ್ಣ ಏದುಸಿರಿನಲ್ಲೇ ಮಾಯಕೊಂಡದವರ ಕಥೆಯನ್ನೆಲ್ಲ ಹೇಳಿ, ಪಂಚೆಯನ್ನು ಅವನ ಹೊದಿಕೆಯ ಮೇಲೆ ಹರಡಿದರು.

"ಪಾಲಯ್ಯ ಮುನಿಸ್ಕೊಂಡದ್ದು ಮೊದ್ಲು, ಪಂಚೆ ತೆಗೆದದ್ದು ಆಮ್ಯಾಲೆ," ಎಂದ ತಮ್ಮ. ಹಾಸಿಗೆ ಹಿಡಿದರೂ ವಾದದ ಹರಿತ ಮಂಕಾಗಿರಲಿಲ್ಲ.

"ಮನುಷ್ಯಾರದು ಹಂಗಪ್ಪ. ದೇವ್ರು ನಿನ್ನ ಪಂಚೆ ತೆಗೆದಿಟ್ಟಿದ್ದು ನೀ ಹುಟ್ಟೋಕ್ಕಿಂತ ಮೊದ್ಲು. ನೀ ತಪ್ಪಿಸ್ಕೊಂಡು ಹೋಗ್ತೀ ಅಂತ ಗೊತ್ತಿತ್ತು ಅವಂಗೆ. ಗೊತ್ತಿತ್ತು ಅಂತ ಬಿಡ್ಲಿಲ್ಲಲೇ ಮನ್ವೇಲಾ. ಗೊತ್ತಿತ್ತು ಅಂತನ ಮೊದ್ಲು ತೆಗೆದಾನೆ."

ಮನ್ವೇಲಪ್ಪನ ಬೆರಳು ಪಂಚೆಯ ಅಂಚನ್ನು ಹುಡುಕಿ ಹಿಡಿಯಿತು, ಮೆಲ್ಲಗೆ ಉಜ್ಜಿತು.

"ಅಂಚು ಸಣ್ಣದಾತು," ಎಂದ, ನನ್ನ ಕಡೆ ನೋಡಿ.

ಮಾಲಿನಲ್ಲಿ ಕೊಂಕು ಹುಡುಕಲು ತೊಡಗಿದ ಗಿರಾಕಿ ಮನಸ್ಸು ಮಾಡಿದ್ದಾನೆಂಬುದು ನನಗೆ ಚೆನ್ನಾಗಿ ಗೊತ್ತು, ಉಸಿರು ಬಿಟ್ಟೆ. ಆಮೇಲೆ ಅವನು, ಪಾದ್ರಿಗಳು ಇನ್ನೊಮ್ಮೆ ಬಂದಾರೇನು ಎಂದು ಅಣ್ಣನನ್ನು ಕೇಳಿದ. ಸಮಾಧಾನಪ್ಪನವರ ಕಿಸೆಯಲ್ಲಿ ಫೋನಿತ್ತು. ಅದು ನೆನಪಾಗುವ ಮೊದಲೇ ಅವರು ಮೆಟ್ಟಿಲಿಳಿದು ಹರಿಹರದ ಬಸ್ಸಿನತ್ತ ಓಡಿಯಾಗಿತ್ತು.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಮನ್ವೇಲಪ್ಪ ಈಗ ಭಾನುವಾರಗಳಂದು ಕೊನೆಯ ಬೆಂಚಿನಲ್ಲಿ ಕುಳಿತು ಹಾಡುವವರ ಶ್ರುತಿಯಲ್ಲಿ ತಪ್ಪು ಹುಡುಕುತ್ತಾನಂತೆ. ಪಾಲಯ್ಯ ಮದುವೆಗೆ ಬಂದನೋ ಇಲ್ಲವೋ, ನನಗೆ ತಿಳಿಯದು.

ತಮ್ಮಿಂದಲೇ ಏನೋ ಆಗಬೇಕೆಂದು ಬೆವರುವವರು ಪೇಟೆಯ ತುಂಬ ಇದ್ದೇವೆ. ಆಗಲೇ ನಿಶ್ಚಯವಾಗಿರುವ ಒಳಿತಿನ ಸುದ್ದಿ ಯಾರಿಗೋ ತಡವಾಗಿ ಮುಟ್ಟೀತಲ್ಲ ಎಂದು ಬೆವರುವವರು ಬೇರೆಯೇ ಬಗೆ. ಅವರಿಗೆ ಆಯಾಸವಿರುತ್ತದೆ, ಆತಂಕವೂ ಇರುತ್ತದೆ, ಆದರೆ ಅದು ಮದುವೆ ಮನೆಯವರ ಆತಂಕ, ನೋಡುವವರಿಗೂ ಹಬ್ಬ. ಅವರ ದೇವರ ಬಗ್ಗೆ ತೀರ್ಮಾನ ಹೇಳುವ ಯೋಗ್ಯತೆ ನನಗಿಲ್ಲ. ಮುನಿಸಿಕೊಂಡವರ ಬಟ್ಟೆಯನ್ನು ನಾನು ಇಷ್ಟು ವರ್ಷ ವ್ಯಾಪಾರವೆಂದೇ ಮಡಿಚಿಕೊಟ್ಟಿದ್ದೆ. ಅದರೊಳಗೆ ಎಂಥ ಪ್ರೀತಿಯಿತ್ತೆಂದು ನನಗೆ ತೋರಿಸಿಕೊಟ್ಟವರು ಸಮಾಧಾನಪ್ಪ. ಅದಕ್ಕಾಗಿ ನಾನು ಅವರಿಗೆ ಋಣಿ.