ಮೂರನೆಯ ಕಾಪಿ

ಬಸವಕಿರಣ ತನ್ನ ಹಾರವನ್ನು ಉಳಿದೆಲ್ಲ ಹಾರಗಳ ಮೇಲೆ ಬರುವಂತೆ ಎಳೆದೆಳೆದು ಕೂಡಿಸುತ್ತಿದ್ದ. ಮಾರ್ಕೆಟ್ಟಿನ ಅರ್ಧ ಚೆಂಡುಹೂವು ಅದರಲ್ಲೇ ಇತ್ತು. ವಿಭೂತಿ ಬಳಿದು ಕುರ್ಚಿಯಲ್ಲಿ ಕೂಡಿಸಿದ್ದ ಶಿವಯೋಗೀಶನ ಹೆಣ ಮೂಗಿನವರೆಗೆ ಮುಳುಗಿಹೋಯಿತು.

“ಮಾರೀನ ಮುಚ್ಚೇತಲ್ಲೋ ತಮ್ಮಾ, ಕೆಳಗ ಜಗ್ಗು,” ಎಂದಳು ಓಣಿಯ ಹಿರಿಯಳು ಚನ್ನಬಸವ್ವ.

ಮಾಳಮಡ್ಡಿಯ ಆ ಅಂಗಳದಲ್ಲಿ ಭಜನೆಗಿಂತ ಹೊಗಳಿಕೆಯೇ ಜೋರಾಗಿತ್ತು. ಯಾರದೋ ಮಗಳ ಮದುವೆಯ ಫೋಟೊ, ಯಾರದೋ ಪಿಎಚ್.ಡಿ. ಪ್ರಬಂಧ. ಕೆಟ್ಟ ಕಂಪ್ಯೂಟರಿನ ಹೊಟ್ಟೆಯಿಂದ ಶಿವಯೋಗೀಶ ತೆಗೆದುಕೊಡದ ವಸ್ತುವೇ ಧಾರವಾಡದಲ್ಲಿರಲಿಲ್ಲವಂತೆ. ಕೇಳಿ ಕೇಳಿ ಬಸವಕಿರಣನ ಹೊಟ್ಟೆಯಲ್ಲೆದ್ದ ಉರಿಗೆ ಇಡೀ ಓಣಿಯ ರೊಟ್ಟಿ ಬೇಯುತ್ತಿದ್ದವು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಅವನದೂ ಕಂಪ್ಯೂಟರ್ ಅಂಗಡಿ; ಅದರ ಬೋರ್ಡಿನ ಬೆಳಕಿಗೆ ವಿಮಾನಗಳು ದಾರಿ ತಪ್ಪಬೇಕು. ಆದರೂ ಒಬ್ಬರೂ ಅವನ ಹೆಸರೆತ್ತಲಿಲ್ಲ.

ಆಗಲೇ ಫೋಟೊಗ್ರಾಫರ್ ಮುಜಾಫರ ಬಂದು ಅವನ ಕಿವಿಯಲ್ಲಿ ತನ್ನ ಸಂಕಟ ಹೇಳಿಕೊಂಡ. ನಿನ್ನೆ ಅವನು ಶಿವಯೋಗೀಶನಿಗೆ ಒಂದು ಹಾರ್ಡ್ ಡಿಸ್ಕ್ ಕೊಟ್ಟಿದ್ದ. ಅದರಲ್ಲಿದ್ದ ಹಳೆಯ ಮದುವೆಗಳನ್ನು ಬೇರೆಡೆ ಕಾಪಿ ಮಾಡಿ, ಡಿಸ್ಕನ್ನು ಪೂರ್ತಿ ಅಳಿಸಿ, ಎರಡು ಭಾಗ ಮಾಡಿಕೊಡಬೇಕಿತ್ತು: ಒಂದು ಕಂಪ್ಯೂಟರಿನ ಬ್ಯಾಕಪ್ಪಿಗೆ, ಇನ್ನೊಂದು ಫೋಟೊಗಳಿಗೆ. ಕಾಪಿ ಮುಗಿದಿತ್ತು. ಅಷ್ಟರಲ್ಲಿ ಶಿವಯೋಗೀಶನ ಎದೆ ಹಿಡಿಯಿತು. ನಾಳೆ ಮತ್ತೊಂದು ಮದುವೆ, ಡಿಸ್ಕ್ ಬೇಕೇ ಬೇಕು.

“ಅಳಿಸಿ ಭಾಗ ಮಾಡೂದಷ್ಟ ಉಳದೇತ್ರಿ ಅಣ್ಣಾರ. ನನಗ ಅದು ಬರಂಗಿಲ್ಲ.”

ಸತ್ತವನ ಕಡೆಯ ಕೆಲಸ ತನ್ನ ಕೈಗೆ. ಅದರಲ್ಲೊಂದು ತಪ್ಪು ಇದ್ದೇ ಇರುತ್ತದೆ. ಹುಡುಕಿ ತೆಗೆದು ಈ ಅಂಗಳಕ್ಕೆಲ್ಲ ಕೇಳಿಸುವಂತೆ ಹೇಳಬೇಕು. ಬಸವಕಿರಣ ಮನೆಯ ಹಿಂದೆ, ಬೇರೆ ಓಣಿಗೆ ಬಾಗಿಲಿದ್ದ ಶಿವಯೋಗೀಶನ ಅಂಗಡಿಯನ್ನು ಹೊಕ್ಕ.

*

ಇಬ್ಬರೂ ಒಂದೇ ಟೇಬಲ್ಲಿನ ಮೇಲೆ ಕೆಲಸ ಕಲಿತವರು. ಬಸವಕಿರಣ ಡಿಸ್ಕ್ ಅಳಿಸಿ, ಭಾಗ ಮಾಡಿ ಕೊಟ್ಟರೂ ಗಿರಾಕಿಯ ಚಹಾ ಆರಿರುತ್ತಿರಲಿಲ್ಲ. ಶಿವಯೋಗೀಶನ ಗಿರಾಕಿಗಳಿಗೆ ಕಾಯುತ್ತ ಕಾಯುತ್ತ ಮೊಮ್ಮಕ್ಕಳಾಗುತ್ತಿದ್ದವು. ಎರಡು ಕಾಪಿ ಮಾಡಬೇಕು, ಒಂದೊಂದೇ ಫೋಟೊ ತೆರೆಯಬೇಕು, ಆಮೇಲೆ ಅಳಿಸಬೇಕು.

“ತಗದು ನೋಡದ, ಕಾಪಿ ಆತು ಅಂತ ಹೆಂಗ ಅನ್ನೂದೋ?” ಎನ್ನುತ್ತಿದ್ದ ಶಿವಯೋಗೀಶ.

ಜನ ಆ ಆಮೆಯ ಮುಂದೆಯೇ ಸಾಲುಗಟ್ಟಿದರು. ಬಸವಕಿರಣ ಹುಬ್ಬಳ್ಳಿಗೆ ಹೋಗಿ ಬೇರೆ ಅಂಗಡಿ ತೆರೆದದ್ದು ಅದಕ್ಕೇ.

*

ಶಿವಯೋಗೀಶ ಮಾಡಿದ್ದ ಕಾಪಿಯಲ್ಲಿ ಒಂದಾದರೂ ತೆರೆಯದ ಫೋಟೊ ಸಿಗಲೆಂದು ಬಸವಕಿರಣ ಒಂದೊಂದೇ ತೆರೆದ. ಅರಿಷಿಣದ ಮದುಮಕ್ಕಳು, ಮುನಿಸಿಕೊಂಡ ಬೀಗರು, ಊಟದ ಪಂಕ್ತಿಗಳು, ಎಲ್ಲ ತೆರೆದುಕೊಂಡವು. ಎರಡನೆಯ ಕಾಪಿಯೂ ಸರಿಯಿತ್ತು. ಹೊರಗೆ ಹಲಗೆಯ ಬಡಿತ ಶುರುವಾಯಿತು. ಹೆಗಲು ಕೊಡಲು ಯಾರೋ ಕರೆದರು.

“ಎಲ್ಲಾ ಬರೋಬ್ಬರಿ ಐತಲ್ರಿ, ಒತ್ತಿಬಿಡ್ರಿ,” ಎಂದ ಮುಜಾಫರ. “ಎತ್ತಾಕತ್ತಾರ.”

ಒತ್ತಬೇಕೆಂದ ಬೆರಳು ಗಾಳಿಯಲ್ಲೇ ನಿಂತಿತು. ನಾಳೆ ಒಂದು ಫೋಟೊ ಕಾಣದಾದರೂ, ಶಿವಯೋಗೀಶ ಛಲೋ ಮಾಡಿಟ್ಟಿದ್ದ, ಹುಬ್ಬಳ್ಳಿಯವ ಕೆಡಿಸಿದ ಎಂದು ಡಂಗುರ ಹೊಡೆಯುತ್ತಾರೆ.

“ಅವಾ ಎರಡು ಮಾಡ್ಯಾನ. ನಾ ಮೂರು ಮಾಡತೇನಿ,” ಎಂದು ಬಸವಕಿರಣ ಚೀಲದಿಂದ ತನ್ನದೇ ಹೊಸ ಡಿಸ್ಕ್ ತೆಗೆದ.

ಮುಜಾಫರ ಅವನನ್ನು ಬಿಟ್ಟು ಮಣ್ಣಿಗೆ ನಡೆದ. ಪರದೆಯ ಮೇಲಿನ ಹಸಿರು ಗೆರೆ ತೆವಳಿತು. ಹಲಗೆಯ ಸದ್ದು ದೂರವಾಗಿ ಅಡಗಿತು. ಒಂದು ಹಿಡಿ ಮಣ್ಣು ಹಾಕುವುದೂ ತಪ್ಪಿತು. ಬಸವಕಿರಣ ಮೂರನೆಯ ಕಾಪಿಯನ್ನೂ ತೆರೆತೆರೆದು ನೋಡಿ, ಆಮೇಲೆ ಮುಜಾಫರನ ಡಿಸ್ಕನ್ನು ಅಳಿಸಿದ, ಎರಡು ಭಾಗ ಮಾಡಿದ, ಎರಡಕ್ಕೂ ಹೆಸರಿಟ್ಟ.

ಹೊತ್ತು ಮುಳುಗುವಾಗ ಹಿಂದಿನ ಓಣಿಯ ಬಾಗಿಲಲ್ಲಿ ಹೆಲ್ಮೆಟ್ಟಿನವನೊಬ್ಬ ಇಣುಕಿದ. ಲಕಮನಹಳ್ಳಿಯ ಫ್ಯಾಕ್ಟರಿಯಿಂದ ನೇರ ಬಂದಿದ್ದ ಅವನಿಗೆ ಸುದ್ದಿ ಗೊತ್ತಿರಲಿಲ್ಲ. ಕೈಯಲ್ಲೊಂದು ಡಿಸ್ಕ್.

“ಶಿವಯೋಗೀಶ ಅಂದ್ರ ನೀವ ಏನ್ರಿ? ಗೋಕುಲ ರೋಡಿನ್ಯಾಂವ ಭಾಳ ಗಡಿಬಿಡಿ ಮಾಡತಾನ, ಇಲ್ಲೇ ಕೊಡು ಅಂದ್ರು.”

ಬಸವಕಿರಣ ಕೈ ಚಾಚಿದ.

“ಕೊಡ್ರಿ. ಲಗೂ ಆಗೂದಿಲ್ಲ ಮತ್ತ.”

ಅವನು ಹೋದ ಮೇಲೆ ಬಸವಕಿರಣ ಕೇಬಲ್ ಚುಚ್ಚಿ ಮೊದಲ ಫೋಟೊ ತೆರೆದ. ಯಾರದೋ ಕೂಸು, ಹಲ್ಲಿಲ್ಲದ ಬಾಯಗಲಿಸಿ, ಅವನನ್ನೇ ನೋಡಿ ನಗುತ್ತಿತ್ತು.